ಹಂದಿಯ ಅಪ್ಪ ಯಾರು?

ಅರಕಲಗೂಡಿನ ನಮ್ಮ ಮುಸುಕಿನ ಜೋಳದ ಹೊಲಕ್ಕೆ ನುಗ್ಗುತ್ತಿದ್ದ ಹಂದಿಗಳ ಮೂತಿ ಊರಹಂದಿಯದು, ಬೆನ್ನ ಮೇಲಿನ ಬಿರುಗೂದಲು ಕಾಡುಹಂದಿಯದು. ಹೊಡೆಸಬಹುದೇ ಎಂದು ಫಾರೆಸ್ಟ್ ಗಾರ್ಡ್‌ನನ್ನು ಕರೆಸಿ ಕೇಳಿದೆ. ನಾನು ತೆಗೆದಿಟ್ಟಿದ್ದ ಫೋಟೋ ನೋಡಿ ಆತ ತಲೆ ಕೆರೆದುಕೊಂಡ.

“ಕಾಡಂದಿ ಆದ್ರೆ ನೀವು ಜೈಲಿಗೋಯ್ತೀರ ಕಣಮ್ಮ. ಊರಂದಿ ಆದ್ರೆ ಸಾಕಿದೋನು ಜಗಳಕ್ಕೆ ಬತ್ತಾನೆ. ಇದು ಬೆರಕೆ.”

“ಬೆರಕೆಗೆ ಏನು ಕಾನೂನು?”

“ಅಪ್ಪ ಯಾರು ಅಂತ ಗೊತ್ತಾಗ್ಬೇಕು. ಜಾತಿ ಅಪ್ಪಂದೇ ಅಲ್ವಾ?”

“ಅವರ ಮದುವೆಗೆ ನನ್ನ ಕರೆದಿರಲಿಲ್ಲ ಕಣಪ್ಪ.”

ಆತ ನಕ್ಕ. “ಅಂಗಾದ್ರೆ ಕಾಡಂದಿ ಅಂತ್ಲೇ ಇಟ್ಕಳಿ. ಮುಟ್ಟಕ್ಕೋಗ್ಬೇಡಿ.”

ಮನೆತನದ ಏಳು ತಲೆಮಾರಿನ ವಂಶಾವಳಿ ಬರೆದಿಟ್ಟಿರುವ ನಾನು, ಒಂದು ಹಂದಿಯ ಅಪ್ಪ ಯಾರೆಂದು ಹೇಳಲಾಗದೆ ಈ ಸಲದ ಜೋಳವನ್ನೆಲ್ಲ ಅದರ ಸಂಸಾರಕ್ಕೇ ಬಿಟ್ಟುಕೊಟ್ಟೆ.