ಕಡಿಮೆ ರಿಯಾಯಿತಿಯ ಗತ್ತು

ಗಾಲ್ಫ್ ಆಡುವವರನ್ನು ಕಂಡು ನಗುವವರಲ್ಲಿ ನಾನೂ ಒಬ್ಬ. ತೊಂದರೆಯೆಂದರೆ, ಆಡುವವರಲ್ಲೂ ನಾನೊಬ್ಬ. ಎಪ್ಪತ್ತರ ದಶಕದ ಕೊನೆಗೆ ಬಾಗಲಕೋಟೆಗೆ ವರ್ಗವಾಗಿ ಬಂದ ಮೈಸೂರು ಕಡೆಯ ಎಂಜಿನಿಯರ್ ಸಾಹೇಬರು ನಮಗೆ ಈ ರೋಗ ಹಚ್ಚಿದರು. ಊರ ಹೊರಗಿನ ಕಲ್ಲುಬಯಲಿನಲ್ಲಿ ಕುಳಿ ತೋಡಿಸಿ, ಹುಲ್ಲು ಬೆಳೆಯಲೊಪ್ಪದ ಕಡೆ ಮರಳಿಗೆ ಲಾರಿಯ ಹಳೆ ಎಣ್ಣೆ ಬೆರೆಸಿ ನೆಲ ಸಮ ಮಾಡಿಸಿದರು. ಊರಿಗೆಲ್ಲ ಇದ್ದದ್ದು ಅವರದೊಂದೇ ಚೀಲ ಕೋಲು. ಅದರಲ್ಲೇ ಎಲ್ಲರೂ ಸರದಿಯ ಮೇಲೆ ಹೊಡೆಯುತ್ತಿದ್ದೆವು.

ಕಡಿಮೆ ಹೊಡೆತದಲ್ಲಿ ಚೆಂಡನ್ನು ಕುಳಿಗೆ ಹಾಕಿದವನು ಗೆದ್ದ. ಆಟ ಬಾರದವನಿಗೆ ಹ್ಯಾಂಡಿಕ್ಯಾಪ್ ಎಂಬ ರಿಯಾಯಿತಿ: ಅವನ ಲೆಕ್ಕದಿಂದ ಕೆಲವು ಹೊಡೆತ ಕಳೆಯುತ್ತಾರೆ. ಇದು ತಿಳಿದದ್ದೇ ತಡ, ಊರ ಗಣ್ಯರೆಲ್ಲ ಬೇಕೆಂದೇ ಕೆಟ್ಟದಾಗಿ ಆಡತೊಡಗಿದರು. ಜವಳಿ ಅಂಗಡಿಯ ಸಾವಕಾರರಂತೂ ಕುಳಿಗೆ ಪ್ರದಕ್ಷಿಣೆ ಹಾಕಿದರು. ಗಾಲ್ಫಿನ ಹಿರಿಯರಿಗೆ ನಮ್ಮಂಥವರ ಪರಿಚಯ ಮೊದಲೇ ಇತ್ತೆಂದು ಕಾಣುತ್ತದೆ. ರಿಯಾಯಿತಿ ಗೊತ್ತುಮಾಡುವಾಗ ಒಂದು ಕುಳಿಗೆ ಇಂತಿಷ್ಟಕ್ಕಿಂತ ಹೆಚ್ಚು ಹೊಡೆತ ಹಿಡಿಯಬಾರದೆಂದು ನಿಯಮ ಮಾಡಿಟ್ಟಿದ್ದರು. ನಮ್ಮಲ್ಲಿ ಎಷ್ಟು ಬೀಸಿದರೂ ಏಳೇ. ಬಾದಾಮಿಯ ಗುಹೆ ಕಡೆದವರಿಗೆ ಈ ಸೌಲಭ್ಯವಿರಲಿಲ್ಲ. ಒಂದು ಏಟು ಹೆಚ್ಚಾದರೆ ದೇವರ ಮೂಗೇ ಹೋಗುತ್ತಿತ್ತು. ಮನೆಯಲ್ಲೂ ಇದನ್ನು ಜಾರಿಗೆ ತರಲು ನೋಡಿದೆ. ನನ್ನ ತಪ್ಪುಗಳನ್ನು ಏಳಕ್ಕೆ ನಿಲ್ಲಿಸಬೇಕೆಂದಾಗ ಹೆಂಡತಿ, "ಹಂಗಾರ ಉಳದದ್ದು ಯಾರ ಲೆಕ್ಕಕ್ಕ ಹಚ್ಚೂದ್ರಿ?" ಎಂದಳು.

ನಾನು ಎಲ್ಲ ಕಡೆ ಸುಮಾರಾಗಿ ಆಡಿ, ಒಂದೇ ಕುಳಿಯಲ್ಲಿ ಮಾನ ಕಳೆದುಕೊಳ್ಳುವವನು. ಆ ಮಾನಭಂಗವನ್ನು ಪ್ರತಿಸಲ ಏಳಕ್ಕೆ ಕತ್ತರಿಸುತ್ತಿದ್ದುದರಿಂದ ನನ್ನ ರಿಯಾಯಿತಿ ಎಲ್ಲರಿಗಿಂತ ಕಡಿಮೆಯಾಯಿತು; ಅಂದರೆ ನಾನು ಊರಿಗೇ ದೊಡ್ಡ ಆಟಗಾರನಾದೆ. ಇಳಕಲ್ಲಿನ ಬೀಗರಿಗೆ ಇದನ್ನು ಊಟದ ಪಂಕ್ತಿಯಲ್ಲೇ ವಿವರಿಸಿದೆ. "ಕಡಿಮಿ ಕೊಟ್ಟಾರಂತ ಖುಷಿ ಪಡೂ ಮನಶ್ಯಾನ್ನ ಇವತ್ತ ನೋಡಿದ್ನಿ ನೋಡ್ರಿ" ಎಂದು ಅವರು ಇನ್ನೊಂದು ಹೋಳಿಗೆ ಹಾಕಿಸಿದರು.

ಅಷ್ಟರಲ್ಲಿ ಸಾಹೇಬರಿಗೆ ವರ್ಗವಾಯಿತು. ಹೊರಡುವ ಮುನ್ನ ಒಂದು ಪಂದ್ಯ, ಗೆದ್ದವರಿಗೆ ಕೋಲಿನ ಚೀಲ ಎಂದರು. ಚೀಲ ಕೈತಪ್ಪಿದರೆ ನನ್ನ ಪಾಲಿಗೆ ಆಟವೇ ಮುಗಿದಂತೆ. ಕೊನೆಗೆ ಉಳಿದವರು ನಾನು ಮತ್ತು ಹುನಗುಂದದ ದನದ ಡಾಕ್ಟರು. ಅವರು ಎಲ್ಲ ಕುಳಿಯಲ್ಲೂ ಒಂದೇ ಸಮನೆ ಕೆಟ್ಟದಾಗಿ ಆಡುವ ಸಜ್ಜನರು. ಏಳರ ಮೇಲೆ ಕತ್ತರಿಸಲು ಏನೂ ಸಿಗದೆ ಅವರ ರಿಯಾಯಿತಿ ಧಾರಾಳವಾಗಿಯೇ ಉಳಿದಿತ್ತು.

ಆದರೂ ಕೊನೆಯ ಕುಳಿಯವರೆಗೆ ನಾನೇ ಮುಂದೆ. ಅಲ್ಲಿ ನನ್ನ ಚೆಂಡು ಬಳ್ಳಾರಿ ಜಾಲಿಯ ಪೊದೆ ಹೊಕ್ಕಿತು. ಬೀಸಿದೆ, ಮತ್ತೆ ಬೀಸಿದೆ. ಮುಳ್ಳು ಬಂತು, ಮಣ್ಣು ಬಂತು, ಒಂದು ಓತಿಕ್ಯಾತವೂ ಬಂತು, ಚೆಂಡು ಬರಲಿಲ್ಲ.

"ಸಾಹೇಬ್ರ, ಏಳರ ಮ್ಯಾಲ ಹಿಡ್ಯಾಂಗಿಲ್ಲಲ್ರಿ?" ಎಂದೆ.

"ಅದು ನಿಮ್ಮ ಯೋಗ್ಯತೆ ಅಳೆಯೋದಕ್ಕೆ ಸ್ವಾಮಿ. ಪಂದ್ಯದಲ್ಲಿ ಹೊಡೆದಿದ್ದೆಲ್ಲ ಹೊಡೆದಿದ್ದೇ" ಎಂದರು ಸಾಹೇಬರು.

ಚೀಲ ಹುನಗುಂದದ ಬಸ್ಸು ಹತ್ತಿತು. ನನಗೆ ನಿಜವಾಗಿಯೂ ಅಳು ಬಂತು.

ಮುಂದಿನ ಭಾನುವಾರ ಬಾಗಿಲಲ್ಲಿ ಡಾಕ್ಟರು, ಹೆಗಲಲ್ಲಿ ಚೀಲ. "ಒಬ್ಬಾಂವ ಏನ ಆಡ್ಲಿರಿ? ಬರ್ರಿ. ನಿಮ್ಮ ರಿಯಾಯ್ತಿ ಒಂದೀಟ ಹೆಚ್ಚ ಮಾಡೂಣು. ಗೆದ್ರ ಚೀಲ ನಿಮ್ಮನ್ಯಾಗ ಇರ್ಲಿ."

ಒಪ್ಪಿಕೊಳ್ಳಬಹುದಿತ್ತು. ಆದರೆ ಅಷ್ಟು ಜನರೆದುರು ಹೇಳಿಕೊಂಡು ತಿರುಗಿದ ರಿಯಾಯಿತಿಯನ್ನು ಕೈಯಾರೆ ಹೆಚ್ಚಿಸಿಕೊಳ್ಳುವುದೇ?

"ಬ್ಯಾಡ್ರಿ, ಇದ್ದಷ್ಟ ಇರ್ಲಿ" ಎಂದೆ.

ಅಂದಿನಿಂದ ಪ್ರತಿ ಭಾನುವಾರ ಡಾಕ್ಟರು ಚೀಲ ಹೊತ್ತು ಬರುತ್ತಾರೆ, ಆಡಿ ಗೆದ್ದು ಹೊತ್ತುಕೊಂಡೇ ಹೋಗುತ್ತಾರೆ. ನಾನು ಮಾತ್ರ ದೊಡ್ಡ ಆಟಗಾರನಾಗಿಯೇ ಉಳಿದಿದ್ದೇನೆ.