ನಾನು ಕೀಳಿಸಿದ ಬದನೆ ಸಸಿಗಳು

ಲಚ್ಯಾಣದ ಹತ್ತಿರ ಒಬ್ಬ ಅಜ್ಜಿಯ ಹೊಲದಲ್ಲಿ ಬದನೆಯ ಹಳೆಯ ತಳಿಯೊಂದಿತ್ತು. ಸೊರಗು ರೋಗ ಬಂದಾಗ ಅದರ ಕೆಲವು ಗಿಡಗಳು ಸಾಯುತ್ತಿದ್ದವು, ಕೆಲವು ಉಳಿಯುತ್ತಿದ್ದವು. ಯಾವುದು ಉಳಿಯುತ್ತದೆ ಎಂದು ಸಸಿ ಇರುವಾಗಲೇ ತಿಳಿಸುವ ಗುರುತೊಂದನ್ನು ಎಲೆಯ ಡಿಎನ್‌ಎಯಲ್ಲಿ ಹುಡುಕುವುದು ನನ್ನ ಸಂಶೋಧನೆ. ಮೂರು ವರ್ಷ ಕಳೆದ ಮೇಲೆ, ಡಿಎನ್‌ಎ ಪರೀಕ್ಷೆಯ ಚಿತ್ರದಲ್ಲಿ ಬದುಕಿದ ಗಿಡಗಳಿಗೆ ಮಾತ್ರ ಬರುವ ಒಂದು ಗೆರೆ ಸಿಕ್ಕಿತು. ಇನ್ನೊಮ್ಮೆ ಪರೀಕ್ಷಿಸುವಷ್ಟು ತಾಳ್ಮೆ ನನಗಿರಲಿಲ್ಲ.

ಆ ವರ್ಷ ಅಜ್ಜಿ ನನ್ನ ಮಾತು ನಂಬಿ, ಇದ್ದ ಬೀಜವನ್ನೆಲ್ಲ ಹಾಕಿ ಸಸಿ ಮಾಡಿದ್ದಳು. ನಾನು ಎಲೆ ಒಯ್ದು ಪರೀಕ್ಷಿಸಿ, ಗೆರೆ ಬಾರದ ಸಸಿಗಳನ್ನು ತೋರಿಸಿದೆ.

“ಇವೂ ಛಲೋ ಅದಾವಲ್ಲವ್ವಾ,” ಎಂದಳು.

“ಉಳಿಯಂಗಿಲ್ಲ ಆಯಿ, ಕಿತ್ತು ಒಗೀರಿ,” ಎಂದೆ. ಕಿತ್ತಳು.

ಹೂ ಬಿಡುವ ಹೊತ್ತಿಗೆ ನಾನು ಉಳಿಸಿದ ಗಿಡಗಳೆಲ್ಲ ಜೋತುಬಿದ್ದವು. ಕಾಂಡ ಸೀಳಿ ನೋಡಿದರೆ ಒಳಗೆಲ್ಲ ಸೊರಗು ರೋಗದ ಕಂದು. ಆ ಗೆರೆ ರೋಗ ತಡೆಯುವ ಗುರುತೇ ಆಗಿರಲಿಲ್ಲ; ಉಳಿಯಬಹುದಾಗಿದ್ದ ಸಸಿಗಳು ನಾನು ಕೀಳಿಸಿದವುಗಳಲ್ಲೇ ಹೋಗಿದ್ದವು.

“ಸ್ವಲ್ಪರ ಬೀಜ ಇಟ್ಟೀರೇನ್ರಿ ಆಯಿ?”

“ಎಲ್ಲಾ ಹಾಕೇನಲ್ಲವ್ವಾ. ನಮ್ಮತ್ತಿ ಕೊಟ್ಟಿದ್ದ ಬೀಜ ಅದು,” ಎಂದಳು. ಬೈಯಲಿಲ್ಲ, ಒಣಗಿದ ಗಿಡಗಳನ್ನು ಒಂದೊಂದಾಗಿ ಕಿತ್ತು ಬದುವಿಗೆ ಹಾಕತೊಡಗಿದಳು.

ಆಮೇಲೆ ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿಯ ಸಂತೆಗಳಲ್ಲಿ ಬದನೆ ಮಾರುವ ಹೆಂಗಸರನ್ನೆಲ್ಲ ಆ ತಳಿಯ ಬೀಜ ಕೇಳುತ್ತ ಅಲೆದೆ. ಎಲ್ಲರ ಬುಟ್ಟಿಯಲ್ಲೂ ಅಂಗಡಿ ಬೀಜದ ಕಾಯಿಗಳೇ. ಆ ತಳಿಯ ಡಿಎನ್‌ಎ ಮಾತ್ರ ನಮ್ಮ ಪ್ರಯೋಗಾಲಯದ ಫ್ರೀಜರಿನಲ್ಲಿ ಇನ್ನೂ ಇದೆ. ಅದರಿಂದ ಸಸಿ ಏಳುವುದಿಲ್ಲ.