ಮೊಟ್ಟೆ ಪೆಟ್ಟಿಗೆಯ ಬ್ಯಾಟರಿ

ನನ್ನ ಹಗ್ಗ, ಟಾರ್ಪಾಲಿನ ಅಂಗಡಿಯ ಎದುರಿಗೇ ಬ್ಯಾಟರಿ ರಿಪೇರಿಯವನ ಅಂಗಡಿ. ಅವನಿಗೆ ನಾವಿಟ್ಟ ಹೆಸರು ಮೇಷ್ಟ್ರು. ಸತ್ತ ಬ್ಯಾಟರಿ ಹೊತ್ತು ತಂದವರಿಗೆ ಪಾಠ ಹೇಳದೆ ಅವನು ಮುಚ್ಚಳ ಬಿಚ್ಚಿದ್ದನ್ನು ನಾನು ಕಂಡಿರಲಿಲ್ಲ. ಅವನಲ್ಲಿ ಪುಕ್ಕಟೆ ಸಿಗುತ್ತಿದ್ದುದು ಅದೊಂದೇ.

ಹೋದ ತಿಂಗಳು ಸಿಕ್ಕಿಬಿದ್ದವನು ಆಟೋ ಡ್ರೈವರ್.

“ಒಳಗೆ ಕರೆಂಟು ತುಂಬಿಟ್ಟಿರ್ತಾರೆ ಅಂದ್ಕೊಂಡಿದ್ದೀಯೇನಪ್ಪ? ಸೀಸದ ತಗಡೂ ಆಸಿಡ್ಡೂ ಸಂಸಾರ ಮಾಡಿದ್ರೆ ಕರೆಂಟು ಹುಟ್ಟುತ್ತೆ. ನೀರೇ ಬತ್ತಿದ್ರೆ ಎಲ್ಲಿಯ ಸಂಸಾರ? ನೀನು ಮಾತ್ರ ಗಂಟೆಗೊಂದು ಟೀ ಕುಡೀತೀಯ.”

ನಿಂತವರೆಲ್ಲ ನಕ್ಕರು. ನಾನೂ ನಕ್ಕೆ, ಬ್ಯಾಟರಿ ನನ್ನದಲ್ಲವಲ್ಲ.

ಮೊನ್ನೆ ಮಧ್ಯಾಹ್ನ ಬೀದಿಗೆಲ್ಲ ಕರೆಂಟು ಹೋಯಿತು. ಸ್ವಲ್ಪ ಹೊತ್ತಿಗೆ ಅಂಗಡಿಯ ಹಿಂದಿನ ಮನೆಯಿಂದ ಅವನ ಹೆಂಡತಿ ಬಂದಳು. ಬಲ್ಬಿನ ಕಾವು ಕೊಟ್ಟು ಕೋಳಿಮೊಟ್ಟೆ ಮರಿ ಮಾಡುವ ಪೆಟ್ಟಿಗೆ ಅವಳದು.

“ರೀ, ನಿಮ್ಮ ಇನ್ವರ್ಟರ್ ಕೂಗಿ ಕೂಗಿ ಸುಮ್ಮನಾಯ್ತು. ಮರಿಗಳು ಚಿಪ್ಪಿನೊಳಗೇ ಕೂಗ್ತಿವೆ. ಈಗ ತಣ್ಣಗಾದ್ರೆ ಮುಗೀತು.”

ನಾನು ಟಾರ್ಚು ಹಿಡಿದೆ, ಅವನು ಮನೆಯ ಇನ್ವರ್ಟರಿನ ಬ್ಯಾಟರಿಯ ಮುಚ್ಚಳ ಬಿಚ್ಚಿದ. ಒಳಗೆ ಒಣಗಿದ ಸೀಸದ ತಗಡು ಬಿಟ್ಟರೆ ತೊಟ್ಟು ನೀರಿಲ್ಲ.

“ಯಾವಾಗ ಹಾಕಿದ್ರಿ ನೀರು?” ಹೆಂಡತಿ ಕೇಳಿದಳು.

“ಹಾಕಿದ್ದೆ.”

“ಅದೇ, ಯಾವಾಗ?”

ಮೇಷ್ಟ್ರು ಟಾರ್ಚಿನ ಬೆಳಕಿನಿಂದ ಮುಖ ತಿರುಗಿಸಿದ. ಅಂಗಡಿಯಲ್ಲಿದ್ದವೆಲ್ಲ ರಿಪೇರಿಗೆ ಬಂದ ಸತ್ತ ಬ್ಯಾಟರಿಗಳೇ. ಜೀವ ಇದ್ದದ್ದು ಒಂದೇ, ಸ್ಟ್ಯಾಂಡಿನಲ್ಲಿ ನಿಂತಿದ್ದ ಅದೇ ಡ್ರೈವರನ ಆಟೋದಲ್ಲಿ. ಅಲ್ಲಿಗೆ ಹೋಗಿ ಅವನು ಆಟೋದ ಟೈರು ಒತ್ತಿ ನೋಡುತ್ತ ನಿಂತ. ಕೊನೆಗೆ ಬ್ಯಾಟರಿ ಕೇಳಿದವನು ನಾನೇ.

ಡ್ರೈವರ್ ಬ್ಯಾಟರಿ ಬಿಚ್ಚಿ ತಂದ. ತೆರೆದಿದ್ದ ಒಣ ಬ್ಯಾಟರಿಯೊಳಗೆ ಒಮ್ಮೆ ಬಗ್ಗಿ ನೋಡಿದ. ನಾನು ಕಾದೆ, ಮೇಷ್ಟ್ರೂ ಕಾದ. ಡ್ರೈವರ್ ಏನೂ ಅನ್ನದೆ ತನ್ನ ಬ್ಯಾಟರಿಗೆ ಇನ್ವರ್ಟರಿನ ವೈರು ಸಿಕ್ಕಿಸಿದ. ಪೆಟ್ಟಿಗೆಯ ಬಲ್ಬು ಹತ್ತಿತು.

“ಏನಾದ್ರೂ ಅಂದ್ಬಿಡಪ್ಪ,” ಅಂದ ಮೇಷ್ಟ್ರು, ಕಿವಿ ಕೆಂಪಗೆ ಮಾಡಿಕೊಂಡು.

“ಏನನ್ನೋದಣ್ಣ. ಮೊಟ್ಟೆ ಬೆಚ್ಚಗಾಗ್ಲಿ.”

ಬೈದಿದ್ದರೆ ಅವನಿಗೆ ಊಟ ಸೇರುತ್ತಿತ್ತೇನೋ.

ಸಂಜೆ ಕರೆಂಟು ಬಂತು. ಡ್ರೈವರನ ಬ್ಯಾಟರಿಯನ್ನು ಮೇಷ್ಟ್ರೇ ಚಾರ್ಜು ಮಾಡಿ, ಹೊತ್ತುಕೊಂಡು ಹೋಗಿ ಕೂರಿಸಿಕೊಟ್ಟ. ಮರಿಗಳೂ ಹೊರಬಂದವು.

ಇವತ್ತು ಲಾರಿಯವನೊಬ್ಬ ಒಣಗಿದ ಬ್ಯಾಟರಿ ತಂದ. ಪಾಠ ಕೇಳಲು ನಾನು ಗಲ್ಲಾ ಬಿಟ್ಟೆದ್ದು ಬಂದೆ. ಮೇಷ್ಟ್ರು ಮುಚ್ಚಳ ಬಿಚ್ಚಿದ, ನೀರು ಹಾಕಿದ, ಮುಚ್ಚಿದ.

“ಯಾಕೆ ಮೇಷ್ಟ್ರೇ, ಪಾಠ ಇಲ್ವಾ?”

ಹಿಂದಿನ ಮನೆಯಿಂದ ಮರಿಗಳ ಚಿಲಿಪಿಲಿ ಕೇಳುತ್ತಿತ್ತು. ಅವನು ತಲೆ ಎತ್ತಲಿಲ್ಲ.

“ರಜಾ,” ಅಂದ.